ಜಗತ್ತಿನ ಅತಿ ದೊಡ್ಡ ಫ್ರಾಂಚೈಸಿ ಯಾವುದು? ನನ್ನ ಪಟ್ಟಿ ಇಲ್ಲಿದೆ, ಬೈಯೋರು ಬೈಯಿರಿ

ಒಂಟಿಕೊಪ್ಪಲು ಹುಡುಗ

ದಸರಾ ಮುಗಿಯಿತು, ನೆಂಟರೆಲ್ಲ ಹೊರಟರು. ಹೊರಡುವಾಗ ನಮ್ಮ ಭಾವ ಬಾಗಿಲಲ್ಲಿ ನಿಂತು ಶೂ ಲೇಸ್ ಕಟ್ಟಿಕೊಳ್ಳುತ್ತಾ ಒಂದು ಮಾತು ಎಸೆದು ಹೋದರು. "ಹದಿನೆಂಟು ವರ್ಷಕ್ಕೆ ಒಂದು ಕಪ್ ಗೆದ್ದು ಇಷ್ಟು ಮೆರೀತೀರಲ್ಲ, 27 ಕಪ್ ಗೆದ್ದಿರೋ ಟೀಮ್ ಒಂದಿದೆ, ಗೊತ್ತಾ?" ಅವರು ಇರುವುದು ನ್ಯೂಜೆರ್ಸಿಯಲ್ಲಿ. ಚುಚ್ಚಿದ್ದು ನಮ್ಮ ಆರ್‌ಸಿಬಿಯನ್ನ, ಹೊಗಳಿದ್ದು ನ್ಯೂಯಾರ್ಕ್ ಯಾಂಕೀಸ್ ಅನ್ನೋ ಬೇಸ್‌ಬಾಲ್ ಟೀಮನ್ನ. ಬೇಸ್‌ಬಾಲ್ ಅಂದರೆ ಚಿನ್ನಿದಾಂಡಿನ ದೊಡ್ಡಣ್ಣ ಅನ್ನೋದು ಬಿಟ್ಟು ನನಗೆ ಏನೂ ಗೊತ್ತಿರಲಿಲ್ಲ. ಆದರೂ ಮಾತು ಚುಚ್ಚಿತು. ಎರಡು ರಾತ್ರಿ ನಿದ್ದೆಗೆಟ್ಟು ಓದಿ ಒಂದು ಪಟ್ಟಿ ಮಾಡಿದ್ದೇನೆ.

ಲೆಕ್ಕ ಸಿಂಪಲ್. ಯಾರ ಹತ್ತಿರ ಕಪ್ ಜಾಸ್ತಿ ಇದೆಯೋ ಅವರೇ ದೊಡ್ಡವರು.

ಮೊದಲ ಜಾಗ ಯಾಂಕೀಸ್‌ಗೆ. 1923ರಲ್ಲಿ ಮೊದಲ ವರ್ಲ್ಡ್ ಸೀರೀಸ್ (ಬೇಸ್‌ಬಾಲಿನ ಕಪ್), 2009ರಲ್ಲಿ 27ನೆಯದು. 1949ರಿಂದ 53ರವರೆಗೆ ಐದು ವರ್ಷ ಬಿಡದೆ ಅವರೇ ಗೆದ್ದಿದ್ದಾರೆ. ಎರಡನೆಯದು ಐಸ್ ಹಾಕಿಯ ಮಾಂಟ್ರಿಯಲ್ ಕೆನೇಡಿಯನ್ಸ್, 24 ಸ್ಟಾನ್ಲಿ ಕಪ್. ಮೂರು, ಬಾಸ್ಕೆಟ್‌ಬಾಲಿನ ಬೋಸ್ಟನ್ ಸೆಲ್ಟಿಕ್ಸ್, 18. ನಾಲ್ಕು, ಲಾಸ್ ಏಂಜಲೀಸ್ ಲೇಕರ್ಸ್, 17. ಐದು, ಫುಟ್‌ಬಾಲಿನ ರಿಯಲ್ ಮ್ಯಾಡ್ರಿಡ್, ಯುರೋಪಿನ ಕಪ್ ಒಂದೇ 15. ಆರು, ಗ್ರೀನ್ ಬೇ ಪ್ಯಾಕರ್ಸ್ ಅಂತ ಒಂದು ಅಮೆರಿಕನ್ ಫುಟ್‌ಬಾಲ್ ಟೀಮು, 13 ಸಲ ಚಾಂಪಿಯನ್. ಹೆಸರು ಕೇಳಿದ್ದೇ ಇದೇ ಮೊದಲು. ಆಮೇಲೆ ನಮ್ಮ ಕಡೆಯವರು, ಐಪಿಎಲ್ ಟೀಮುಗಳು. ಚೆನ್ನೈ 5, ಮುಂಬೈ 5, ಕೋಲ್ಕತ್ತ 3. ಹತ್ತನೆಯದು ಆರ್‌ಸಿಬಿ. ಅದು ಲೆಕ್ಕಕ್ಕಲ್ಲ, ಪ್ರೀತಿಗೆ.

ಹಳದಿ ಶರ್ಟು

ಚೆನ್ನೈಯನ್ನ ಮುಂಬೈಗಿಂತ ಮೇಲೆ ಇಟ್ಟಿದ್ದಕ್ಕೆ ಥ್ಯಾಂಕ್ಸ್ ಗುರು. ಕಪ್ ಇಬ್ಬರದೂ ಐದೇ. ಆದರೆ ಚೆನ್ನೈ ಹತ್ತು ಫೈನಲ್ ಆಡಿದೆ. ಅದೂ 2016, 2017 ಎರಡು ವರ್ಷ ಸಸ್ಪೆಂಡ್ ಆಗಿ ಮನೆಯಲ್ಲಿ ಕೂತು. ವಾಪಸ್ ಬಂದ 2018ರಲ್ಲೇ ಕಪ್ ಎತ್ತಿತು. 2025ರಲ್ಲಿ ಕೊನೇ ಸ್ಥಾನಕ್ಕೆ ಬಿತ್ತು, ಅದನ್ನೂ ನಾನೇ ಹೇಳಿಬಿಡುತ್ತೇನೆ. ನೀವು ಹೇಳೋ ಮುಂಚೆ.

ಮೈಸೂರಲ್ಲಿ ಹಳದಿ ಹಾಕಿಕೊಂಡು ಓಡಾಡುವ ಕಷ್ಟ ನಿಮಗೆ ಗೊತ್ತಿಲ್ಲ. ಕುವೆಂಪುನಗರದ ನಮ್ಮ ಟೀ ಅಂಗಡಿಯವನು ಮ್ಯಾಚ್ ದಿನ ಲೋಟ ಕೈಗೆ ಕೊಡುವ ಮುಂಚೆ ಕೇಳುತ್ತಾನೆ, "ಕಾವೇರಿ ನೀರಲ್ಲಿ ಮಾಡಿದ್ದು ಸಾರ್, ನಡೆಯುತ್ತಾ?"

ಆಲೆಮನೆ, ಪಾಂಡವಪುರ

ಪಟ್ಟಿ ಮಾಡಿದೋರಿಗೆ ಕಬಡ್ಡಿ ಅನ್ನೋದು ಆಟ ಅಂತ ಅನ್ನಿಸಲಿಲ್ವಾ ಅಣ್ಣ? ಕೋಲ್ಕತ್ತಕ್ಕೆ ಮೂರು ಕಪ್ಪಿಗೆ ಒಂಬತ್ತನೇ ಜಾಗ. ಪ್ರೊ ಕಬಡ್ಡಿಯ ಪಟ್ನಾ ಪೈರೇಟ್ಸ್‌ಗೂ ಮೂರು ಕಪ್ ಇದೆ. ಅದೂ ಸಾಲಾಗಿ ಮೂರು. 2016ರಲ್ಲಿ ಎರಡು ಸೀಸನ್ ನಡೆಯಿತು, ಎರಡೂ ಅವರದ್ದೇ. 2017ರಲ್ಲಿ ಮತ್ತೆ ಅವರೇ. ಆ ಸೀಸನ್ ಪರ್ದೀಪ್ ನರ್ವಾಲ್ ಒಬ್ಬನೇ ರೈಡಿಂಗ್‌ನಲ್ಲಿ 369 ಪಾಯಿಂಟ್ ತಂದ. ಒಬ್ಬನೇ!

ಬೆಂಗಳೂರು ಬುಲ್ಸ್ ಕಪ್ ಗೆದ್ದಿದ್ದು ನೆನಪಿದ್ಯಾ ಯಾರಿಗಾದ್ರೂ? 2019ರ ಜನವರಿ 5. ಗುಜರಾತ್ ಮೇಲೆ 38-33. ಫಸ್ಟ್ ಹಾಫಲ್ಲಿ ಹಿಂದೆ ಇದ್ದೆವು. ಪವನ್ ಶೆರಾವತ್ 22 ಪಾಯಿಂಟ್ ತಂದು ಎತ್ತಿಕೊಂಡು ಹೋದ. ನಮ್ಮೂರಲ್ಲಿ ಆ ರಾತ್ರಿ ಪಟಾಕಿ ಹೊಡೆದಿದ್ದೇವೆ. ಆರ್‌ಸಿಬಿಗಿಂತ ಆರು ವರ್ಷ ಮುಂಚೆ "ಕಪ್ ನಮ್ದು" ಆಗಿತ್ತು, ನಿಮಗೆ ಗೊತ್ತೇ ಆಗಲಿಲ್ಲ ಅಷ್ಟೇ.

ಒಂಟಿಕೊಪ್ಪಲು ಹುಡುಗ

ತಪ್ಪಾಯ್ತು ಅಣ್ಣ. ಪಟ್ನಾ ಬಿಟ್ಟುಹೋಗಿದ್ದು ನನ್ನ ತಪ್ಪೇ. ಕೋಲ್ಕತ್ತದ ಪಕ್ಕದಲ್ಲೇ ಇಡುತ್ತೇನೆ.

ಪೀಟಿ ಮೇಷ್ಟ್ರು (ನಿವೃತ್ತ)

ಮರಿ, ಪಟ್ಟಿ ನೋಡಿದೆ. ಶ್ರಮ ಕಾಣುತ್ತದೆ. ಆದರೆ ಲೆಕ್ಕ ಅರ್ಧ ಮಾಡಿದ್ದೀಯ. ಎಷ್ಟು ಸಲ ಗೆದ್ದರು ಅಂತ ಬರೆದೆ. ಎಷ್ಟು ಜನರ ಎದುರು ಗೆದ್ದರು ಅಂತ ಬರೆಯಲಿಲ್ಲ.

ಶಾಲೆಯ ಓಟದಲ್ಲಿ ಮೂವರು ಓಡಿ ಫಸ್ಟ್ ಬಂದವನಿಗೂ ಮೂವತ್ತು ಜನ ಓಡಿ ಫಸ್ಟ್ ಬಂದವನಿಗೂ ಕೊಡುವ ಸ್ಟೀಲ್ ಲೋಟ ಒಂದೇ. ಆದರೆ ಓಟ ಒಂದೇ ಅಲ್ಲ, ಅಲ್ವಾ? ಮಾಂಟ್ರಿಯಲ್‌ನವರ ಐಸ್ ಹಾಕಿ ಲೀಗಿನಲ್ಲಿ 1942ರಿಂದ 1967ರವರೆಗೆ ಇದ್ದದ್ದೇ ಆರು ತಂಡ. ಈಗ 32. ಅವರ 24ರಲ್ಲಿ 1967ರ ಆಚೆಗಿನವು ಹತ್ತೇ. 1993ರ ಮೇಲೆ ಒಂದೂ ಇಲ್ಲ. ಬೋಸ್ಟನ್ ಸೆಲ್ಟಿಕ್ಸ್ 1959ರಿಂದ 66ರವರೆಗೆ ಎಂಟು ಸಲ ಸತತ ಗೆದ್ದಾಗ ಲೀಗಿನಲ್ಲಿ ಎಂಟೊಂಬತ್ತು ತಂಡ ಇದ್ದವು. ಯಾಂಕೀಸ್ ಕಾಲಕ್ಕೆ ಬೇಸ್‌ಬಾಲಿನಲ್ಲಿ ಹದಿನಾರು.

ಹಾಗಂತ ಅವರನ್ನು ಕಡಿಮೆ ಮಾಡುತ್ತಿಲ್ಲ. ಸೆಲ್ಟಿಕ್ಸ್‌ನ ಬಿಲ್ ರಸೆಲ್ ಅನ್ನುವ ಒಬ್ಬ ಆಟಗಾರ 13 ಸೀಸನ್ ಆಡಿ 11 ಸಲ ಗೆದ್ದ. ಕೊನೆಯ ಎರಡು ಸಲ ಆಟಗಾರನೂ ಅವನೇ, ಕೋಚೂ ಅವನೇ. ತಂಡ ಎಂಟಿರಲಿ ಎಂಬತ್ತಿರಲಿ, ಇದನ್ನು ಮಾಡಿದವರು ಇನ್ನೊಬ್ಬರಿಲ್ಲ.

ನಮ್ಮಲ್ಲೂ ಒಂದು ಉದಾಹರಣೆ ಇದೆ. ಫ್ರಾಂಚೈಸಿ ಅಲ್ಲ, ಆದರೂ ಹೇಳುತ್ತೇನೆ. ಬಾಂಬೆ ತಂಡ ರಣಜಿ ಟ್ರೋಫಿಯನ್ನು ಸತತ 15 ವರ್ಷ ಗೆದ್ದಿತ್ತು. ಅದನ್ನು ನಿಲ್ಲಿಸಿದ್ದು ನಾವು. 1974ರ ಸೆಮಿಫೈನಲ್, ಬೆಂಗಳೂರಲ್ಲಿ. ಪ್ರಸನ್ನ ಗವಾಸ್ಕರ್ ಅವರನ್ನು ಬೌಲ್ಡ್ ಮಾಡಿದರು, ವಾಡೇಕರ್ ರನೌಟ್ ಆದರು. ನಾನು ಆಗ ಹುಡುಗ. ಪಕ್ಕದ ಮನೆಯ ಕಿಟಕಿ ಹೊರಗೆ ನಿಂತು ರೇಡಿಯೋ ಕೇಳಿದ್ದು. ಹದಿನೈದು ವರ್ಷ ಗೆದ್ದವರಿಗಿಂತ ಹದಿನಾರನೆಯ ವರ್ಷ ನಿಲ್ಲಿಸಿದವರೇ ನನಗೆ ಜಾಸ್ತಿ ನೆನಪು.

ಲೆಕ್ಕಿಗ

ಕಪ್ ಲೆಕ್ಕ ಹಳೇ ಕಾಲದ್ದು. ಫ್ರಾಂಚೈಸಿ ಅಂದ ಮೇಲೆ ಅದು ವ್ಯಾಪಾರ. ವ್ಯಾಪಾರವನ್ನು ದುಡ್ಡಿನಿಂದ ಅಳೆಯಬೇಕು. ಡಲ್ಲಾಸ್ ಕೌಬಾಯ್ಸ್ ಅನ್ನೋ ಅಮೆರಿಕನ್ ಫುಟ್‌ಬಾಲ್ ಟೀಮು ನೋಡಿ. 1989ರಲ್ಲಿ ಜೆರ್ರಿ ಜೋನ್ಸ್ ಕೊಂಡಾಗ ಸುಮಾರು 14 ಕೋಟಿ ಡಾಲರ್. ಈಗ ಫೋರ್ಬ್ಸ್ ಲೆಕ್ಕದಲ್ಲಿ ಸಾವಿರ ಕೋಟಿ ಡಾಲರ್ ದಾಟಿದೆ, ಜಗತ್ತಿನಲ್ಲೇ ದುಬಾರಿ ತಂಡ. ಸೂಪರ್ ಬೌಲ್ (ಆ ಲೀಗಿನ ಫೈನಲ್) ಗೆದ್ದಿದ್ದು ಕೊನೆಯ ಸಲ 1996ರ ಜನವರಿಯಲ್ಲಿ. ಮೂವತ್ತು ವರ್ಷ ಗೆಲ್ಲದೆಯೂ ಬೆಲೆ ಏರುತ್ತಲೇ ಇದೆ. ಇದಕ್ಕಿಂತ ದೊಡ್ಡ ಫ್ರಾಂಚೈಸಿ ಬೇಕಾ?

ನಮ್ಮಲ್ಲೂ ಹಾಗೆ. 2008ರಲ್ಲಿ ಐಪಿಎಲ್ ತಂಡಗಳನ್ನು ಹರಾಜು ಹಾಕಿದಾಗ ಮುಂಬೈ 11.19 ಕೋಟಿ ಡಾಲರ್, ಅದರ ಹಿಂದೆಯೇ ಬೆಂಗಳೂರು 11.16 ಕೋಟಿ. ಎಲ್ಲಕ್ಕಿಂತ ಅಗ್ಗ ರಾಜಸ್ಥಾನ, 6.7 ಕೋಟಿ. ಮೊದಲ ಕಪ್ ಗೆದ್ದಿದ್ದು ಅಗ್ಗದ ಟೀಮು. ಕಪ್ಪಿಗೂ ಬೆಲೆಗೂ ಸಂಬಂಧ ಇಲ್ಲ ಅಂತ ಮೊದಲ ವರ್ಷವೇ ಗೊತ್ತಾಯ್ತಲ್ಲ.

ಹಳದಿ ಶರ್ಟು

ಹಾಗಾದರೆ ಬೆಲೆಯಿಂದ ಅಳೆಯಬಾರದು ಅಂತಲೇ ಆಯ್ತಲ್ಲ ಸ್ವಾಮಿ? ನಿಮ್ಮ ವಾದಕ್ಕೆ ನೀವೇ ಔಟ್ ಕೊಟ್ಟುಕೊಂಡಿರಿ.

ಲೆಕ್ಕಿಗ

ಥರ್ಡ್ ಅಂಪೈರ್‌ಗೆ ಹೋಗೋಣ.

ಚಾಮುಂಡಿಪುರಂ ಎಕ್ಸ್‌ಪ್ರೆಸ್

ಆರ್‌ಸಿಬಿ ಹತ್ತನೇ ಜಾಗ ನೋಡಿ ಹೊಟ್ಟೆ ಉರಿಯಿತು. ನಮ್ಮ ಟೀಮನ್ನು ಕಪ್ಪಿನಿಂದ ಅಳೆಯೋಕೆ ಆಗಲ್ಲ. ಏಪ್ರಿಲ್ 23 ಅನ್ನೋ ಒಂದೇ ತಾರೀಕು ತಗೊಳ್ಳಿ. 2013ರ ಏಪ್ರಿಲ್ 23ಕ್ಕೆ ಪುಣೆ ಮೇಲೆ 263, ಗೇಲ್ ಒಬ್ಬರೇ 175. ನಾಲ್ಕು ವರ್ಷ ಬಿಟ್ಟು ಅದೇ ಏಪ್ರಿಲ್ 23ಕ್ಕೆ ಈಡನ್‌ನಲ್ಲಿ 49ಕ್ಕೆ ಆಲೌಟ್. ನಮ್ಮ ಚಿಕ್ಕಪ್ಪ ಎರಡೂ ದಿನ ಊಟ ಬಿಟ್ಟಿದ್ದರು. ಮೊದಲನೇ ದಿನ ಖುಷಿಗೆ, ಎರಡನೇ ದಿನ ಬೇಜಾರಿಗೆ.

2009ರ ಜೋಹಾನ್ಸ್‌ಬರ್ಗ್ ಫೈನಲ್ಲಿನಲ್ಲಿ ಕುಂಬ್ಳೆ 16 ರನ್ನಿಗೆ 4 ವಿಕೆಟ್ ತೆಗೆದರು, ಪಂದ್ಯಪುರುಷ ಅವರೇ ಆದರು, ಸೋತಿದ್ದು ನಾವು. 6 ರನ್ನಿನಿಂದ. 2025ರ ಜೂನ್ 3ಕ್ಕೆ ಪಂಜಾಬ್ ಮೇಲೆ ಗೆದ್ದಿದ್ದೂ ಅದೇ 6 ರನ್ನಿನಿಂದ. ಹದಿನಾರು ವರ್ಷ ಬಡ್ಡಿ ಇಲ್ಲದೆ ಆ ಆರು ರನ್ ಎಲ್ಲೋ ಅಡವಿಟ್ಟಿದ್ದರು ಅನ್ನಿಸುತ್ತೆ.

ಮತ್ತೆ ಹುಡುಗಿಯರನ್ನ ಮರೆತಿರಿ. ಗಂಡಸರಿಗಿಂತ ಮುಂಚೆ, 2024ರ ಮಾರ್ಚಲ್ಲೇ ಡಬ್ಲ್ಯುಪಿಎಲ್ ಕಪ್ ತಂದಿದ್ದು ಅವರು. ಫೈನಲ್ಲಿನಲ್ಲಿ ನಮ್ಮ ಕಲಬುರಗಿಯ ಶ್ರೇಯಾಂಕಾ ಪಾಟೀಲ್ 12 ರನ್ನಿಗೆ 4 ವಿಕೆಟ್.

ಸರಸ್ವತಿಪುರಂ ಅಕ್ಕ

ಜೂನ್ 3ರ ರಾತ್ರಿ ನಾನೂ ಕುಣಿದೆ. ಮಾರನೇ ದಿನ ಚಿನ್ನಸ್ವಾಮಿ ಹೊರಗೆ ನೂಕುನುಗ್ಗಲಲ್ಲಿ 11 ಜನ ಹೋದರಲ್ಲ, ಆಮೇಲೆ ಆ ಕಪ್ಪಿನ ಫೋಟೋ ನೋಡಿದರೆ ಮೊದಲು ಗೇಟು ಕಣ್ಣಿಗೆ ಬರುತ್ತದೆ. ಸುಮ್ನೆ ಹೇಳಿದೆ. ಪಟ್ಟಿಗೆ ಸಂಬಂಧ ಇಲ್ಲದೆಯೂ ಇರಬಹುದು.

ನಾನು ಬರೆಯಲು ಬಂದಿದ್ದು ಬೇರೆ. ಆರನೇ ಜಾಗದಲ್ಲಿ "ಹೆಸರು ಕೇಳಿದ್ದೇ ಮೊದಲು" ಅಂತ ಇಟ್ಟಿದ್ದೀಯಲ್ಲ ಮರಿ, ಗ್ರೀನ್ ಬೇ ಪ್ಯಾಕರ್ಸ್. ಆ ಊರಿಗೆ ನಾನು ಹೋಗಿದ್ದೇನೆ. ಮಗಳು ಮಿಲ್ವಾಕಿಯಲ್ಲಿದ್ದಾಗ ಬಾಣಂತನಕ್ಕೆ ಹೋಗಿದ್ದೆ. ಅಳಿಯ ಒಂದು ಆಗಸ್ಟ್ ತಿಂಗಳ ಬೆಳಿಗ್ಗೆ, "ಅಮ್ಮ, ಫುಟ್‌ಬಾಲ್ ಪ್ರಾಕ್ಟೀಸ್ ನೋಡೋಣ ಬನ್ನಿ" ಅಂತ ಕಾರಲ್ಲಿ ಕೂರಿಸಿದರು. ಎರಡು ಗಂಟೆ ದಾರಿ. ದಾರಿಯುದ್ದಕ್ಕೂ ಹಸು, ಮುಸುಕಿನ ಜೋಳ. ನಾಗಮಂಗಲದ ಕಡೆ ಹೋಗುತ್ತಿದ್ದೇನೆ ಅನ್ನಿಸಿತು, ರಸ್ತೆ ಒಂದು ಬಿಟ್ಟು.

ಊರಲ್ಲಿ ಇರುವುದು ಒಂದು ಲಕ್ಷ ಏಳು ಸಾವಿರ ಜನ. ನಮ್ಮ ಮಂಡ್ಯಕ್ಕಿಂತ ಚಿಕ್ಕದು. ಸ್ಟೇಡಿಯಂನಲ್ಲಿ ಹಿಡಿಸುವುದು ಎಂಬತ್ತು ಸಾವಿರ! ಪಕ್ಕದಲ್ಲೇ ಮಾಮೂಲಿ ಮನೆಗಳು, ಮುಂದೆ ಹುಲ್ಲು, ಒಗೆದ ಬಟ್ಟೆ ಒಣಗಲು ಹಾಕಿದ್ದಾರೆ. ಮ್ಯಾಚ್ ದಿನ ಆ ಹುಲ್ಲಿನ ಮೇಲೆ ಕಾರು ನಿಲ್ಲಿಸಿಕೊಂಡು ದುಡ್ಡು ತಗೊಳ್ಳುತ್ತಾರಂತೆ. ನಮ್ಮ ದಸರಾ ಸಮಯದಲ್ಲಿ ಅರಮನೆ ಸುತ್ತ ಮನೆ ಇರೋರು ಮಾಡುತ್ತಾರಲ್ಲ, ಹಾಗೆ.

ಸ್ಟೇಡಿಯಂ ಹೊರಗೆ ಮಕ್ಕಳು ಸೈಕಲ್ ಹಿಡಿದು ಸಾಲಾಗಿ ನಿಂತಿದ್ದರು. ಏನಿದು ಅಂದೆ. ಆಟಗಾರರು ಸ್ಟೇಡಿಯಂನಿಂದ ಪ್ರಾಕ್ಟೀಸ್ ಮೈದಾನಕ್ಕೆ ಹೋಗುವುದು ಈ ಮಕ್ಕಳ ಸೈಕಲ್ಲಿನಲ್ಲಿ. ಎಷ್ಟೋ ವರ್ಷದ ಪದ್ಧತಿ ಅದು. ಬಾಗಿಲಷ್ಟು ಅಗಲದ ಒಬ್ಬ ಆಟಗಾರ ಒಂದು ಗುಲಾಬಿ ಬಣ್ಣದ ಪುಟ್ಟ ಸೈಕಲ್ ಹತ್ತಿದ. ಮೊಣಕಾಲು ಎದೆಗೆ ಬಡಿಯುತ್ತಿತ್ತು. ಹ್ಯಾಂಡಲ್ಲಿಗೆ ರಿಬ್ಬನ್ ಬೇರೆ. ಸೈಕಲ್ಲಿನ ಒಡತಿ, ಆರೇಳು ವರ್ಷದ ಹುಡುಗಿ, ಅವನ ಹೆಲ್ಮೆಟನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಪಕ್ಕದಲ್ಲಿ ಓಡುತ್ತಿದ್ದಳು. ಅವಳಿಗೆ ಮುಂದಿನ ದಾರಿ ಕಾಣುತ್ತಿರಲಿಲ್ಲ, ಹೆಲ್ಮೆಟ್ ಅಷ್ಟು ದೊಡ್ಡದು. ಅವನು ಸೈಕಲ್ ನಿಧಾನ ಮಾಡಿದ. ನನಗೆ ಆ ಆಟದ ಒಂದು ನಿಯಮವೂ ಗೊತ್ತಿಲ್ಲ. ಆದರೆ ಆವತ್ತಿನಿಂದ ನಾನು ಪ್ಯಾಕರ್ಸ್ ಕಡೆ.

ಆಮೇಲೆ ಅಳಿಯನ ಸ್ನೇಹಿತರ ಮನೆಗೆ ಕಾಫಿಗೆ ಹೋದೆವು. ನಾವು ವೆಂಕಟರಮಣನ ಫೋಟೋ ಹಾಕುವ ಜಾಗದಲ್ಲಿ ಅವರು ಒಂದು ಸರ್ಟಿಫಿಕೇಟಿಗೆ ಫ್ರೇಮ್ ಹಾಕಿಸಿ ನೇತುಹಾಕಿದ್ದರು. ಅದು ಆ ತಂಡದ ಷೇರು. ಆ ತಂಡಕ್ಕೆ ಒಬ್ಬ ಸಾಹುಕಾರ ಅಂತ ಇಲ್ಲವೇ ಇಲ್ಲ. ಐದು ಲಕ್ಷಕ್ಕೂ ಜಾಸ್ತಿ ಜನ ಷೇರುದಾರರು. ಅವರೇ ಮಾಲೀಕರು.

ಲೆಕ್ಕಿಗ

ಅಕ್ಕ, ಈ ಷೇರಿನ ಲಾಭ ಎಷ್ಟು? ಮಾರಿದರೆ ಏನು ಸಿಗುತ್ತೆ?

ಸರಸ್ವತಿಪುರಂ ಅಕ್ಕ

ಲಾಭಾಂಶ ಇಲ್ಲ. ಮಾರುಕಟ್ಟೆಯಲ್ಲಿ ಮಾರುವಂತಿಲ್ಲ. ಮನೆಯವರ ಹೆಸರಿಗೆ ಮಾಡಿಕೊಡಬಹುದು ಅಷ್ಟೇ. ಟಿಕೆಟ್ಟಿಗೂ ಅದಕ್ಕೂ ಸಂಬಂಧ ಇಲ್ಲ. ಸೀಸನ್ ಟಿಕೆಟ್ಟಿಗೆ ಲಕ್ಷಕ್ಕೂ ಜಾಸ್ತಿ ಜನ ಸರದಿಯಲ್ಲಿ ಇದ್ದಾರೆ, ಮಗು ಹುಟ್ಟಿದ ತಕ್ಷಣ ಹೆಸರು ಬರೆಸುತ್ತಾರೆ. ಮೊದಲು 1923ರಲ್ಲಿ ಷೇರಿಗೆ 5 ಡಾಲರಿನಂತೆ ಮಾರಿದ್ದು, ತಂಡ ಮುಳುಗುತ್ತಿತ್ತು ಅಂತ. ಆಮೇಲೆ 1935, 1950, 1997, 2011, 2021. ದುಡ್ಡು ಬೇಕಾದಾಗಲೆಲ್ಲ ಊರಿನವರ ಮುಂದೆ ಕೈ ಚಾಚಿದ್ದಾರೆ. ಕೊನೆಯ ಸಲ ಒಂದು ಷೇರಿಗೆ 300 ಡಾಲರ್.

ಲೆಕ್ಕಿಗ

ಲಾಭ ಇಲ್ಲ, ಮಾರೋಕಾಗಲ್ಲ, ಟಿಕೆಟ್ಟೂ ಸಿಗಲ್ಲ. ಇದು ಷೇರಲ್ಲ ಅಕ್ಕ, ದೇವಸ್ಥಾನದ ಸೇವಾ ರಸೀದಿ.

ಆಲೆಮನೆ, ಪಾಂಡವಪುರ

ಸಾರ್, ನಗಬೇಡಿ. ನಮ್ಮ ತಾತನ ಟ್ರಂಕಿನಲ್ಲಿ ಒಂದು ಸಹಕಾರ ಸಂಘದ ಷೇರು ಪತ್ರ ಇತ್ತು. ಮಡಿಸಿದ ಕಡೆಯೆಲ್ಲ ಹರಿದು ಟೇಪು ಹಾಕಿತ್ತು. ಅದರಿಂದ ಮನೆಗೆ ಇಷ್ಟು ದುಡ್ಡು ಬಂತು ಅಂತ ಹೇಳೋರು ಯಾರೂ ಇಲ್ಲ. ಆದರೆ ಮನೆ ಭಾಗ ಆದಾಗ ಗದ್ದೆಗೆ ಆಗದ ಜಗಳ ಆ ಪೇಪರಿಗೆ ಆಯ್ತು. ನಮ್ಮಪ್ಪನಿಗೂ ಬೇಕು, ದೊಡ್ಡಪ್ಪನಿಗೂ ಬೇಕು. ಯಾಕೆ ಅಂದರೆ ಅದು ಇದ್ದೋರು ವರ್ಷಕ್ಕೊಂದು ಸಲ ಸರ್ವ ಸದಸ್ಯರ ಸಭೆಗೆ ಹೋಗಿ, ಮುಂದೆ ಕೂತಿರೋ ಅಧ್ಯಕ್ಷರನ್ನ ಎದ್ದು ನಿಂತು ಕೇಳಬಹುದು. "ಏನ್ರೀ ಇದು ಲೆಕ್ಕ?" ಅಂತ. ಆ ಒಂದು ಮಾತಿನ ಬೆಲೆ ನಿಮಗೆ ಗೊತ್ತಿಲ್ಲ.

ಅಕ್ಕ, ಅವರಿಗೂ ಸಭೆ ಇದ್ಯಾ?

ಸರಸ್ವತಿಪುರಂ ಅಕ್ಕ

ಇದೆ. ಸ್ಟೇಡಿಯಂನಲ್ಲೇ. ಸಾವಿರಾರು ಜನ ಹಸಿರು ಜೆರ್ಸಿ ಹಾಕಿಕೊಂಡು ಬಂದು ಕೂರುತ್ತಾರಂತೆ, ಆಡಳಿತ ಮಂಡಳಿಗೆ ವೋಟು ಹಾಕುತ್ತಾರೆ.

ಒಂಟಿಕೊಪ್ಪಲು ಹುಡುಗ

ಯಾರಾದರೂ ದೊಡ್ಡ ಕುಳ ಬಂದು ಎಲ್ಲ ಷೇರು ಕೊಂಡು ತಂಡವನ್ನೇ ಎತ್ತಿಕೊಂಡು ಹೋದರೆ?

ಪೀಟಿ ಮೇಷ್ಟ್ರು (ನಿವೃತ್ತ)

ಅದಕ್ಕೆ ಅವರು ಮೊದಲೇ ಬೇಲಿ ಹಾಕಿದ್ದಾರೆ ಮರಿ. ಅಕ್ಕ ಬರೆದಿದ್ದು ಓದಿ ನಾನೂ ಸ್ವಲ್ಪ ಕೆದಕಿದೆ. ಒಬ್ಬನಿಗೆ ಎರಡು ಲಕ್ಷ ಷೇರಿಗಿಂತ ಜಾಸ್ತಿ ಇಲ್ಲ. ಹಿಂದೆ ಇನ್ನೊಂದು ಷರತ್ತು ಇತ್ತು. ತಂಡ ಮಾರಿದರೆ ಬಂದ ದುಡ್ಡೆಲ್ಲ ಊರಿನ ಮಾಜಿ ಸೈನಿಕರ ಸಂಘಕ್ಕೆ, ಯೋಧರ ಸ್ಮಾರಕ ಕಟ್ಟಲು. ಷೇರುದಾರರಿಗೆ ಕಾಸಿಲ್ಲ. ಈಗ ಅದು ಒಂದು ಸೇವಾ ಪ್ರತಿಷ್ಠಾನಕ್ಕೆ ಅಂತ ಬದಲಾಗಿದೆ. ಮಾರಿದರೆ ಯಾರಿಗೂ ಲಾಭ ಇಲ್ಲ ಅಂದಮೇಲೆ ಯಾರು ಮಾರುತ್ತಾರೆ? ಬುದ್ಧಿವಂತರು. ಅಮೆರಿಕದ ಫುಟ್‌ಬಾಲ್ ಲೀಗು ಆಮೇಲೆ ಇಂಥ ಊರೊಟ್ಟಿನ ಮಾಲೀಕತ್ವ ಬೇಡ ಅಂತ ನಿಯಮ ಮಾಡಿತು. ಇವರು ಹಳಬರು ಅಂತ ಬಿಟ್ಟಿದ್ದಾರೆ.

ಅಂದಹಾಗೆ 1919ರಲ್ಲಿ ತಂಡ ಶುರುವಾದಾಗ ಜೆರ್ಸಿಗೆ ದುಡ್ಡು ಕೊಟ್ಟಿದ್ದು ಮಾಂಸವನ್ನು ಡಬ್ಬಿಗೆ ತುಂಬುವ ಒಂದು ಕಂಪನಿ. ಅದರ ಹೆಸರು ಇಂಡಿಯನ್ ಪ್ಯಾಕಿಂಗ್ ಕಂಪನಿ. ನಮಗೂ ಅದಕ್ಕೂ ಸಂಬಂಧ ಇಲ್ಲ ಅನ್ನಿ. ಪ್ಯಾಕರ್ಸ್ ಅನ್ನುವ ಹೆಸರು ಅಲ್ಲಿಂದ ಬಂತು. ಕಂಪನಿ ಹೋಯಿತು, ಹೆಸರು ಉಳಿಯಿತು.

ಹುಡುಗ ಕೇಳಿದ "ಎತ್ತಿಕೊಂಡು ಹೋಗುವುದು" ಸುಮ್ಮನೆ ಕೇಳುವ ಮಾತಲ್ಲ. ಬಾಲ್ಟಿಮೋರ್ ಊರಿಗೆ ಕೋಲ್ಟ್ಸ್ ಅಂತ ತಂಡ ಇತ್ತು. 1984ರ ಮಾರ್ಚಿನ ಒಂದು ರಾತ್ರಿ ಮನೆ ಸಾಮಾನು ಸಾಗಿಸುವ ಲಾರಿಗಳು ಬಂದವು. ಬೆಳಕು ಹರಿಯುವಷ್ಟರಲ್ಲಿ ಹೆಲ್ಮೆಟ್ಟು, ಬೂಟು, ಕುರ್ಚಿ, ಮೇಜು ಎಲ್ಲ ತುಂಬಿಕೊಂಡು ಇಂಡಿಯಾನಾಪೊಲಿಸ್‌ಗೆ ಹೊರಟೇಹೋದರು. ಊರಿನವರು ಎದ್ದು ನೋಡಿದರೆ ತಂಡ ಇಲ್ಲ. ಬಾಡಿಗೆ ಬಾಕಿ ಇಟ್ಟ ಬಾಡಿಗೆದಾರ ರಾತ್ರೋರಾತ್ರಿ ಖಾಲಿ ಮಾಡುತ್ತಾನಲ್ಲ, ಹಾಗೆ.

ಚಾಮುಂಡಿಪುರಂ ಎಕ್ಸ್‌ಪ್ರೆಸ್

ಅಯ್ಯೋ ಮೇಷ್ಟ್ರೇ, ಇದು ನಿಜವಾ?

ಪೀಟಿ ಮೇಷ್ಟ್ರು (ನಿವೃತ್ತ)

ನಿಜ. ಹಿಮ ಬೀಳುತ್ತಿತ್ತು ಆ ರಾತ್ರಿ. ಇನ್ನೂ ಇದೆ. ಲೇಕರ್ಸ್ ಅಂತ ನಾಲ್ಕನೇ ಜಾಗ ಕೊಟ್ಟೆಯಲ್ಲ, ಲಾಸ್ ಏಂಜಲೀಸಿನಲ್ಲಿ ಕೆರೆ ಎಲ್ಲಿದೆ? ಆ ಹೆಸರು ಮಿನಿಯಾಪೊಲಿಸ್‌ನದು. ಮಿನೆಸೋಟ ರಾಜ್ಯದ ತುಂಬ ಕೆರೆ, ಅದಕ್ಕೆ ಲೇಕರ್ಸ್. 1960ರಲ್ಲಿ ತಂಡ ಊರು ಬಿಟ್ಟಿತು, ಕೆರೆಯ ಹೆಸರನ್ನೂ ಹೊತ್ತುಕೊಂಡು ಹೋಯಿತು. 17ರಲ್ಲಿ ಐದು ಕಪ್ ಹಳೆಯ ಊರಿನವು. ಮೈಸೂರಿನ ತಂಡ ಕಾರವಾರಕ್ಕೆ ಹೋಗಿ "ಚಾಮುಂಡಿ ಬೆಟ್ಟ" ಅಂತ ಹೆಸರಿಟ್ಟುಕೊಂಡು ಆಡಿದ ಹಾಗೆ.

ಹಳದಿ ಶರ್ಟು

ಸಿಯಾಟಲ್ ಸೂಪರ್‌ಸಾನಿಕ್ಸ್ 2008ರಲ್ಲಿ ಒಕ್ಲಹೋಮಕ್ಕೆ ಹೋಯ್ತು, ಅದನ್ನೂ ಸೇರಿಸಿ. ನಮ್ಮಲ್ಲಿ ಊರು ಬಿಡೋದಿಲ್ಲ, ನೇರ ಮಾಯ. ಕೊಚ್ಚಿ ಟಸ್ಕರ್ಸ್ ಒಂದೇ ಸೀಸನ್. ಪುಣೆ ವಾರಿಯರ್ಸ್ ಮೂರು. ನಿಮ್ಮನ್ನ 2009ರ ಫೈನಲ್ಲಿನಲ್ಲಿ ಸೋಲಿಸಿದ ಡೆಕ್ಕನ್ ಚಾರ್ಜರ್ಸ್ ಎಲ್ಲಿದೆ ಈಗ? 2012ಕ್ಕೇ ಬಾಗಿಲು ಹಾಕಿತು. ಕಪ್ ಗೆದ್ದ ಟೀಮೇ ಇಲ್ಲ. ಹೈದರಾಬಾದಲ್ಲಿ ಆವತ್ತು ಕುಣಿದ ಹುಡುಗರು ಆ ಜೆರ್ಸಿ ಏನು ಮಾಡಿದರೋ.

ಆಲೆಮನೆ, ಪಾಂಡವಪುರ

ಗಾಡಿ ಒರೆಸ್ತಿರ್ತಾರೆ.

ಒಂಟಿಕೊಪ್ಪಲು ಹುಡುಗ

ಈಗ ನನ್ನ ಪಟ್ಟಿಯೇ ನನಗೆ ಸರಿ ಕಾಣುತ್ತಿಲ್ಲ. ಫ್ರಾಂಚೈಸಿ ಅನ್ನೋ ಪದವೇ ವಿಚಿತ್ರ. ನಮ್ಮಪ್ಪನಿಗೆ ಫ್ರಾಂಚೈಸಿ ಅಂದರೆ ಐಸ್‌ಕ್ರೀಮ್ ಪಾರ್ಲರ್. ದುಡ್ಡು ಕಟ್ಟಿ ಬೋರ್ಡು ತಗೊಳ್ಳೋದು, ವ್ಯಾಪಾರ ಆಗದಿದ್ದರೆ ಬೇರೆ ರಸ್ತೆಗೆ ಹೋಗೋದು. ಯೋಚನೆ ಮಾಡಿದರೆ ಲೀಗೂ ಅದೇ. ಬೋರ್ಡು ಲೀಗಿನದು, ಅಂಗಡಿ ಓನರಿಂದು, ನಾವು ಗಿರಾಕಿ. ಆರ್‌ಸಿಬಿ ಹೆಸರು ಬಂದಿದ್ದೂ ಒಂದು ವಿಸ್ಕಿ ಬ್ರ್ಯಾಂಡಿನಿಂದ. "ಬ್ಯಾಂಗಲೋರ್" ಹೋಗಿ "ಬೆಂಗಳೂರು" ಆಗೋಕೆ 2024 ಬರಬೇಕಾಯ್ತು.

ರಿಯಲ್ ಮ್ಯಾಡ್ರಿಡ್ ತೆಗೆಯುತ್ತಿದ್ದೇನೆ. ಅದು ಫ್ರಾಂಚೈಸಿ ಅಲ್ಲ, ಸದಸ್ಯರ ಕ್ಲಬ್ಬು. ಕೆಟ್ಟದಾಗಿ ಆಡಿದರೆ ಕೆಳಗಿನ ಡಿವಿಷನ್ನಿಗೆ ಬೀಳಬೇಕಾದ ಕಡೆ ಆಡಿ ಒಂದು ಸಲವೂ ಬಿದ್ದಿಲ್ಲ. ಅದರ ಪಟ್ಟಿಯೇ ಬೇರೆ.

ಚಾಮುಂಡಿಪುರಂ ಎಕ್ಸ್‌ಪ್ರೆಸ್

ಹಂಗಾದ್ರೆ ಮೈಸೂರು ವಾರಿಯರ್ಸ್? ನಮ್ಮೂರ ಟೀಮು, ನಮ್ಮೂರ ಅಗರಬತ್ತಿ ಕಂಪನಿಯವರದ್ದು. 2024ರಲ್ಲಿ ನಮ್ಮ ರಾಜ್ಯದ ಟಿ20 ಲೀಗು ಮಹಾರಾಜ ಟ್ರೋಫಿಯನ್ನ ಕರುಣ್ ನಾಯರ್ ಕ್ಯಾಪ್ಟನ್ ಆಗಿ ಗೆದ್ದರು, ಬೆಂಗಳೂರನ್ನೇ ಸೋಲಿಸಿ. ದ್ರಾವಿಡ್ ಮಗ ಸಮಿತ್ ಕೂಡ ಆ ತಂಡದಲ್ಲಿದ್ದ. 2022ರಲ್ಲಿ ಮಾನಸಗಂಗೋತ್ರಿಯ ಒಡೆಯರ್ ಗ್ರೌಂಡಿನಲ್ಲಿ ಮ್ಯಾಚ್ ಆದಾಗ ನಾನು ಹೋಗಿದ್ದೆ. ಮರದ ಕೆಳಗೆ ನಿಂತು ನೋಡೋ ಸುಖ ಚಿನ್ನಸ್ವಾಮಿಯಲ್ಲಿ ಇಲ್ಲ. ಬೌಂಡರಿ ಹತ್ತಿರ ನಿಂತ ಫೀಲ್ಡರನ್ನ ನಮ್ಮ ಪಕ್ಕದ ಅಜ್ಜ ಒಬ್ಬರು ಹೆಸರು ಹಿಡಿದು ಕರೆದು, "ಒಂದ್ ಹೆಜ್ಜೆ ಹಿಂದೆ ನಿಂತ್ಕೊ ಮಗ" ಅಂದರು. ಅವನು ನಿಂತ!

ಪೀಟಿ ಮೇಷ್ಟ್ರು (ನಿವೃತ್ತ)

ಇದು ಮಾತು. ನನಗೆ ತಂಡ ಅಂದರೆ ಗರಡಿ ಮನೆ. ಈ ಸಲವೂ ದಸರಾ ಕುಸ್ತಿ ನೋಡಲು ದೊಡ್ಡಕೆರೆ ಮೈದಾನದ ಹತ್ತಿರ ಹೋಗಿದ್ದೆ. ಜೋಡಿ ಕೂಗುವಾಗ ಪೈಲ್ವಾನನ ಹೆಸರಿನ ಜೊತೆ ಗರಡಿಯ ಹೆಸರು, ಉಸ್ತಾದರ ಹೆಸರು ಹೇಳುತ್ತಾರೆ. ಒಬ್ಬ ಹುಡುಗ ಚಿತ್ ಆದ. ಎದ್ದು ಮೈಗೆ ಹತ್ತಿದ ಮಟ್ಟಿಯನ್ನೂ ಒರೆಸಿಕೊಳ್ಳದೆ ಬಂದು ಉಸ್ತಾದರ ಕಾಲು ಮುಟ್ಟಿದ. ಅವರು ಬೆನ್ನಿಗೆ ಒಂದು ಬಿಟ್ಟರು, ಆಮೇಲೆ ಸೋಡಾ ಕೊಡಿಸಿದರು. ಮುಂದಿನ ವರ್ಷ ಅವನು ಅದೇ ಗರಡಿಯಿಂದ ಬರುತ್ತಾನೆ. ಹರಾಜಿಗೆ ಹೋಗುವುದಿಲ್ಲ.

ಲೆಕ್ಕಿಗ

ಮೇಷ್ಟ್ರೇ, ಅದು ಚೆಂದವೇ. ಆದರೆ ಹರಾಜನ್ನ ಅಷ್ಟು ಬೈಯಬೇಡಿ. ಎಲ್ಲರಿಗೂ ಒಂದೇ ಪರ್ಸು, 2025ಕ್ಕೆ 120 ಕೋಟಿ. ಅದಕ್ಕೇ ಐಪಿಎಲ್ಲಿನಲ್ಲಿ ಯಾರು ಬೇಕಾದರೂ ಗೆಲ್ಲಬಹುದು. ಅಮೆರಿಕದಲ್ಲೂ ಫುಟ್‌ಬಾಲಿಗೆ ಸಂಬಳದ ಮಿತಿ ಇದೆ, ಕೊನೆಗೆ ಬಂದ ತಂಡಕ್ಕೆ ಹೊಸ ಹುಡುಗರನ್ನು ಆರಿಸುವ ಮೊದಲ ಅವಕಾಶ. ಆ ಪುಟ್ಟ ಗ್ರೀನ್ ಬೇ ಉಳಿದಿರುವುದು ಬರೀ ಪ್ರೀತಿಯಿಂದ ಅಲ್ಲ. ಟಿವಿ ದುಡ್ಡನ್ನು ಎಲ್ಲ ತಂಡಗಳಿಗೂ ಸಮವಾಗಿ ಹಂಚುತ್ತಾರೆ, ಅದರಿಂದ. ನ್ಯೂಯಾರ್ಕಿಗೆ ಎಷ್ಟೋ ಗ್ರೀನ್ ಬೇಗೂ ಅಷ್ಟೇ. ಸೇವಾ ರಸೀದಿಯ ಜೊತೆಗೆ ಇದನ್ನೂ ಸೇರಿಸಿಕೊಳ್ಳಿ.

ಸರಸ್ವತಿಪುರಂ ಅಕ್ಕ

ಇದು ನ್ಯಾಯವಾದ ಮಾತು. ಒಪ್ಪಿದೆ.

ಒಂಟಿಕೊಪ್ಪಲು ಹುಡುಗ

ಸರಿ, ಹೊಸ ಪಟ್ಟಿ. ಈ ಸಲ ಮೂರು ಪ್ರಶ್ನೆ ಕೇಳಿದ್ದೇನೆ. ಎಷ್ಟು ಜನರ ಎದುರು ಗೆದ್ದರು? ಊರು ಬಿಟ್ಟು ಓಡಿದರಾ? ಸೋತ ವರ್ಷ ಜನ ಬಂದರಾ?

ಮೊದಲನೆಯದು ಪ್ಯಾಕರ್ಸ್. 13 ಸಲ ಚಾಂಪಿಯನ್, ನೂರು ವರ್ಷದ ಮೇಲಾದರೂ ಅದೇ ಊರು. 1967ರ ಡಿಸೆಂಬರ್ 31ಕ್ಕೆ ಮೈನಸ್ 25 ಡಿಗ್ರಿ ಚಳಿಯಲ್ಲಿ ಡಲ್ಲಾಸ್ ಮೇಲೆ 21-17 ಗೆದ್ದರಂತೆ, ಸ್ಟೇಡಿಯಂ ತುಂಬ ಜನ. ನಮಗೆ ಹದಿನೈದು ಡಿಗ್ರಿಗೆ ಮಂಕಿ ಕ್ಯಾಪ್ ಬೇಕು. ಎರಡು ಯಾಂಕೀಸ್. ದುಡ್ಡು ಸುರಿಯುತ್ತಾರೆ ಅಂತ ಬೈಗುಳ ಇದೆ, ಬೋಸ್ಟನ್‌ನಿಂದ ಬೇಬ್ ರೂತ್ ಅನ್ನೋ ಆಟಗಾರನನ್ನ ಒಂದು ಲಕ್ಷ ಡಾಲರಿಗೆ ಕೊಂಡಿದ್ದೂ ಅವರೇ. ಮಾರಿದ ರೆಡ್ ಸಾಕ್ಸ್ 1918ರಿಂದ 2004ರವರೆಗೆ 86 ವರ್ಷ ಕಪ್ ಇಲ್ಲದೆ ಕಾದರು. ನಮ್ಮ 18 ಏನೂ ಅಲ್ಲ, ಇದನ್ನ ಓದಿ ಸಮಾಧಾನ ಆಯ್ತು. ಮೂರು ಸೆಲ್ಟಿಕ್ಸ್, ಮೇಷ್ಟ್ರ ರಸೆಲ್ ಸಲುವಾಗಿ. ನಾಲ್ಕು ಮಾಂಟ್ರಿಯಲ್. ಲೇಕರ್ಸ್ ಕೆರೆ ಬಿಟ್ಟು ಬಂದಿದ್ದಕ್ಕೆ ಐದು. ಆಮೇಲೆ ಚೆನ್ನೈ, ಮುಂಬೈ. ಪಟ್ನಾ, ಕೋಲ್ಕತ್ತ ಒಟ್ಟಿಗೆ. ಆರ್‌ಸಿಬಿ ಹತ್ತರಲ್ಲೇ ಇರಲಿ. ಮೂರನೇ ಪ್ರಶ್ನೆ ಒಂದನ್ನೇ ಕೇಳಿದ್ದರೆ ಒಂದನೇ ಜಾಗ, ಅದು ಎಲ್ಲರಿಗೂ ಗೊತ್ತು.

ಪಟ್ಟಿಯನ್ನ ಭಾವನಿಗೆ ಕಳಿಸಿದೆ. ರಾತ್ರಿಯೇ ಉತ್ತರ ಬಂತು. "ಪ್ಯಾಕರ್ಸಾ? ಅವರು ಕೊನೇ ಸಲ ಗೆದ್ದಿದ್ದು ಯಾವ ಕಾಲದಲ್ಲಿ?" 2011ರ ಫೆಬ್ರವರಿ ಅಂತ ಬರೆದೆ. ಯಾಂಕೀಸ್ 2009 ಅಂತಲೂ ಸೇರಿಸಿದೆ. ಎರಡು ನೀಲಿ ಟಿಕ್ ಬಿದ್ದಿವೆ. ಮಾತಿಲ್ಲ.

ಹಳದಿ ಶರ್ಟು

ಪಾಪ, ಅಲ್ಲಿ ಆಫೀಸ್ ಟೈಮು.

ಆಲೆಮನೆ, ಪಾಂಡವಪುರ

ಪಟ್ನಾ ಸೇರಿಸಿದ್ದಕ್ಕೆ ನಿಮಗೆ ಒಂದು ಅಚ್ಚು ಬೆಲ್ಲ ಬಾಕಿ ಅಣ್ಣ. ಶನಿವಾರ ನಮ್ಮೂರಲ್ಲಿ ಹೊನಲು ಬೆಳಕಿನ ಕಬಡ್ಡಿ. ಮೊದಲನೇ ಬಹುಮಾನ ಟಗರು. ಮ್ಯಾಟ್ ಇಲ್ಲ, ಮಣ್ಣಲ್ಲೇ ಆಟ. ಎಲ್ಲರೂ ಬನ್ನಿ. ಅಕ್ಕ, ನೀವೂ.

ಪೀಟಿ ಮೇಷ್ಟ್ರು (ನಿವೃತ್ತ)

ಮಂಡಿ ನೋವು. ಕೂರಲು ಕುರ್ಚಿ ಇದ್ದರೆ ಬರುತ್ತೇನೆ.

ಆಲೆಮನೆ, ಪಾಂಡವಪುರ

ಕುರ್ಚಿ ಇದೆ ಮೇಷ್ಟ್ರೇ. ಮುಂದಿನ ಸಾಲಲ್ಲಿ ಮಾತ್ರ ಕೂರಬೇಡಿ. ಹೋದ ವರ್ಷ ರೈಡರ್ ಹಾರಿ ಪಂಚಾಯ್ತಿ ಸದಸ್ಯರ ತೊಡೆ ಮೇಲೆ ಬಿದ್ದ.